ಅಮ್ಮ ಸಣ್ಣವಳಾಗುವ ಎತ್ತರ

ಅಕ್ಟೋಬರ್ 28, ಮಂಗಳವಾರ

ಚಮಚ ಮತ್ತೆ ಕೆಳಗೆ. ಸಾಹೇಬರು ತಮ್ಮ ಎತ್ತರದ ಕುರ್ಚಿಯಿಂದ ಬೀಳಿಸುತ್ತಾರೆ, ಬಗ್ಗಿ ನೋಡುತ್ತಾರೆ, ಆಮೇಲೆ ನನ್ನತ್ತ ತಿರುಗುತ್ತಾರೆ. ಎತ್ತಿಕೊಡಲು ಇನ್ನೆಷ್ಟು ಹೊತ್ತು ಎನ್ನುವ ಮುಖ. ಹತ್ತು ತಿಂಗಳಿಗೇ ಈ ದರ್ಬಾರು. ಮನೆಯಲ್ಲಿ ಯಾರೂ ಅವನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವನ ಅಕ್ಕನೂ ಸಾಹೇಬ್ರೇ ಎನ್ನುತ್ತಾಳೆ. ಅಕ್ಕನಿಗೆ ನಾಲ್ಕು ವರ್ಷ. ಅವಳು ಮಾತಿನಮಲ್ಲಿ, ನಮಗೆ ಬರೀ ಮಲ್ಲಿ. ಎದ್ದ ಗಳಿಗೆಯಿಂದ ಬಾಯಿಗೆ ಬೀಗವಿಲ್ಲ.

ಬರುವ ಸೋಮವಾರ ನನ್ನ ರಜೆ ಮುಗಿಯುತ್ತದೆ. ಬರೆದು ನೋಡಿದೆ. ಬರೆದರೂ ನಿಜ ಅನ್ನಿಸಲಿಲ್ಲ.

ಇಷ್ಟು ದಿನ ನೀರಿನ ಅಡಿಯಲ್ಲಿ ಇದ್ದ ಹಾಗಿತ್ತು... ಮಧ್ಯಾಹ್ನ ಇಬ್ಬರೂ ಮಲಗಿದಾಗ ಪರದೆ ಉಬ್ಬುತ್ತದೆ, ತಗ್ಗುತ್ತದೆ. ಹಗ್ಗದ ಮೇಲೆ ಬೆರಳುದ್ದದ ಕಾಲುಚೀಲಗಳು. ವಾರಗಳು ಒಂದಕ್ಕೊಂದು ಅಂಟಿಕೊಂಡಿವೆ, ಬಿಡಿಸಲು ಬರುವುದಿಲ್ಲ. ಅರೆನಿದ್ದೆಯಲ್ಲಿ ನನ್ನ ಕೈಗಳು ತಾವಾಗಿಯೇ ಅಲ್ಲಾಡುತ್ತವೆ. ಎಡಗೈ ಮುಂದೆ, ಬಲಗೈ ಮೆಲ್ಲಗೆ ಹಿಂದೆ. ನಾನು ಓಡಿಸುವ ಕ್ರೇನಿನ ಹಿಡಿಗಳು. ಹಾಸಿಗೆಯಲ್ಲಿ ಮಲಗಿಕೊಂಡೇ ಹಡಗಿನಿಂದ ಡಬ್ಬ ಇಳಿಸುತ್ತೇನೆ. ಬಂದರಿನಲ್ಲಿ ಯಾರೂ ಕಂಟೇನರ್ ಎನ್ನುವುದಿಲ್ಲ. ಮನೆಯಷ್ಟು ದೊಡ್ಡದಿದ್ದರೂ ಡಬ್ಬವೇ.

ನನ್ನ ರಜೆ ಮುಗಿದ ಮೇಲೆ ಗಂಡ ರಜೆ ಹಾಕುವ ಸರದಿ. ಅವನು ಸ್ಕೂಲ್ ಬಸ್ ಓಡಿಸುತ್ತಾನೆ. ಅವನ ಹಳೇ ಜೋಕು — 'ಮನೇಲಿ ಇಬ್ರೂ ಡ್ರೈವರ್‌ಗಳೇ. ನಾನು ಅಡ್ಡಡ್ಡ ಓಡಿಸ್ತೀನಿ, ಇವಳು ಉದ್ದುದ್ದ.' ಇವತ್ತೂ ಹೇಳಿದ. ಇವತ್ತೂ ನಕ್ಕೆ.

ಅಕ್ಟೋಬರ್ 30, ಗುರುವಾರ, ಸಂಜೆ

ಸಾಹೇಬರಿಗೆ ಬಾಟಲಿ ಬೇಡ. ಕಪ್ಪೂ ಬೇಡ. ನಾನು ಎದುರಿಗಿದ್ದರೆ ಹಾಲು ಬರುವುದು ಎಲ್ಲಿಂದ ಎಂದು ಅವರಿಗೆ ಖಚಿತವಾಗಿ ಗೊತ್ತು.

'ನೀನು ಆಚೆ ಹೋಗು,' ಅಂದ ಗಂಡ. 'ನಿನ್ನ ವಾಸನೆ ಇರೋವರೆಗೂ ಇವ್ರು ನನಗೆ ಸೊಪ್ಪು ಹಾಕಲ್ಲ.'

ಹೋದೆ. ಎಲ್ಲಿಗೆ ಹೋಗುವುದು? ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂತೆ. ಒಳಗೆ ರಂಪ. ಅವನು ಹಾಡುತ್ತಿದ್ದಾನೆ, ಅಪಸ್ವರದಲ್ಲಿ. ಮಲ್ಲಿ ಅಪ್ಪನಿಗೆ ಸಲಹೆ ಕೊಡುತ್ತಿದ್ದಾಳೆ. ಎದೆ ಜಿನುಗಿ ಅಂಗಿ ಒದ್ದೆ. ಕೆಳಗಿನ ಮನೆಯ ಅಜ್ಜ ತರಕಾರಿ ಚೀಲ ಹಿಡಿದು ಹತ್ತಿ ಬಂದರು. 'ಯಾಕಮ್ಮಾ, ಆಚೆ ಹಾಕಿದ್ರಾ?'

'ಹೂಂ, ಅಜ್ಜ.'

'ನನ್ನನ್ನೂ ಹಾಕ್ತಿದ್ರು.' ಹೇಳಿ ತಮ್ಮ ಮನೆಯೊಳಗೆ ಹೋದರು.

ಆಮೇಲೆ ಅಳು ನಿಂತಿತು. ಥಟ್ಟನೆ. ಅದನ್ನೇ ಬೇಡಿಕೊಂಡು ಕೂತಿದ್ದೆ. ನಿಂತದ್ದೇ ತಡ — ಚುರುಕ್ ಎಂದಿತು. ಯಾರೋ ನನ್ನ ಕೋಣೆಯ ದೀಪ ಆರಿಸಿದ ಹಾಗೆ.

ನವೆಂಬರ್ 1, ಶನಿವಾರ

ಅತ್ತೆ ಬಂದಿದ್ದಾರೆ. ಗಂಡನಿಗೆ ಕೈ ಆಸರೆಗೆ, ಈ ತಿಂಗಳು ಪೂರ್ತಿ ಇರುತ್ತಾರೆ. ಬಂದವರೇ ಮಡಿಸಿಟ್ಟ ಬಟ್ಟೆಗಳನ್ನೆಲ್ಲ ಬಿಚ್ಚಿ ಮತ್ತೆ ಮಡಿಸಿದರು.

'ಬಂದರಲ್ಲಿ ಕೆಳಗೇ ಆಫೀಸಲ್ಲಿ ಒಂದು ಜಾಗ ಇದೆಯಂತಲ್ಲ,' ಅಂದರು. ಮಗ ಹೇಳಿರಬೇಕು. 'ಅದನ್ನೇ ತಗೋಮ್ಮಾ. ಎರಡು ಮಕ್ಕಳ ತಾಯಿ ನೀನು. ಆಕಾಶದಲ್ಲಿ ನೇತಾಡೋ ಕೆಲಸ ಯಾಕೆ?'

'ನೋಡೋಣ ಅತ್ತೆ.'

ನೋಡುವುದೇನು? ಮೇಲೆ ಕೂತಿರಬೇಕು ಅನ್ನುವ ಆಸೆ ಹಾಲಿನ ಹಾಗೆಯೇ ಉಕ್ಕಿ ಬರುತ್ತದೆ. ಯಾರಿಗೂ ಹೇಳಿಲ್ಲ. ಮಕ್ಕಳನ್ನು ಬಿಟ್ಟು ಹೋಗಲು ಸಂಕಟ, ಹೋಗಲು ಕಾತರ... ಎರಡೂ ಒಂದೇ ಎದೆಯಲ್ಲಿ ಹೇಗೆ ಹಿಡಿಸುತ್ತವೋ.

ಮಲ್ಲಿಗೆ ಬೇರೆಯೇ ಚಿಂತೆ. ಅವಳು ಎರಡೂವರೆ ವರ್ಷದವಳಿದ್ದಾಗ ಬೇಲಿಯ ಆಚೆ ನಿಂತು ನಾನು ಕ್ರೇನ್ ಹತ್ತುವುದನ್ನು ನೋಡಿದ್ದಳು.

'ಅಮ್ಮಾ, ನೀನು ಮೇಲೆ ಹೋಗ್ತಾ ಹೋಗ್ತಾ ಸಣ್ಣ ಆಗ್ತೀಯಲ್ವಾ?'

'ಹಾಗೆ ಕಾಣತ್ತೆ ಪುಟ್ಟಾ.'

'ಮನೆಗೆ ಬರೋಷ್ಟರಲ್ಲಿ ಮತ್ತೆ ದೊಡ್ಡ ಆಗ್ತೀಯಾ? ಗ್ಯಾರಂಟಿನಾ?'

ಗ್ಯಾರಂಟಿ ಅಂದೆ. ನನ್ನ ಎತ್ತರವನ್ನು ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಳು. ನಂಬಿಕೆ ಬೇರೆ, ಲೆಕ್ಕ ಬೇರೆ.

ನವೆಂಬರ್ 3, ಸೋಮವಾರ

ಬರೆಯಲೇಬೇಕು. ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಬೆಳಿಗ್ಗೆ ಎಲ್ಲ ಸರಿ ಇತ್ತು. ಗೇಟಿನ ಹುಡುಗಿ ಕೈ ಬೀಸಿದಳು. ಎಣ್ಣೆ, ಉಪ್ಪು, ತುಕ್ಕು — ಆ ವಾಸನೆ ಮೂಗಿಗೆ ಬಡಿದದ್ದೇ ಮನಸ್ಸು ಹಗುರ. ಲಿಫ್ಟು, ಆಮೇಲೆ ಕಬ್ಬಿಣದ ಏಣಿ, ಆಮೇಲೆ ಕ್ಯಾಬಿನ್. ಸೀಟು ಯಾರೋ ಉದ್ದ ಕಾಲಿನವರಿಗೆ ಹೊಂದಿಸಿದ್ದರು. ಮುಂದಕ್ಕೆಳೆದುಕೊಂಡೆ. ಸುತ್ತ ಗಾಜು. ಪಾದದ ಕೆಳಗೂ ಗಾಜು. ಅಲ್ಲಿಂದಲೇ ಬಗ್ಗಿ ಡಬ್ಬಗಳನ್ನು ನೋಡುವುದು. ಸಮುದ್ರ ಇಸ್ತ್ರಿ ಮಾಡಿದಂತೆ ಮಲಗಿತ್ತು.

ರೇಡಿಯೋದಲ್ಲಿ ಸಿಗ್ನಲ್ ಅಣ್ಣ. ಕೆಳಗೆ ನಿಂತು ದಾರಿ ಹೇಳುವವನು, ಎಷ್ಟೋ ವರ್ಷದಿಂದ ಅವನೇ ನನ್ನ ಕೆಳಗಿನ ಕಣ್ಣು. 'ಬಂದ್ರಾ ಮೇಡಂ! ನೀವಿಲ್ದೆ ಇಲ್ಲಿ ಬೈಯೋರೇ ಇರಲಿಲ್ಲ. ಹೂಂ, ಮೊದಲನೇದು, ಎತ್ತಿ.'

ಎತ್ತಿದೆ. ಡಬ್ಬ ಹಿಡಿಯುವ ಕಬ್ಬಿಣದ ಚೌಕಟ್ಟು ನಾಲ್ಕು ಮೂಲೆಯಲ್ಲೂ ಕಚ್ಚಿಕೊಂಡಿತು, ಹಸಿರು ದೀಪ ಬಂತು. ಡಬ್ಬ ಹಡಗಿನಿಂದ ಮೇಲೆದ್ದು ದಡದ ಮೇಲೆ ಬಂತು. ಆಗ ಕೆಳಗೆ ನೋಡಿದೆ. ಹಳದಿ ಹೆಲ್ಮೆಟ್ಟುಗಳು ಓಡಾಡುತ್ತಿದ್ದವು. ಯಾವತ್ತೂ ಓಡಾಡುವಂಥವೇ. ಇವತ್ತು ಅವು ಹೆಲ್ಮೆಟ್ಟುಗಳಾಗಿ ಕಾಣಲಿಲ್ಲ. ನೆತ್ತಿ ಕೂಡಿರದ ತಲೆಗಳು. ಹಗುರಾಗಿ ಮಿಡಿಯುವ, ಮುಟ್ಟಲು ಭಯವಾಗುವ, ಸ್ನಾನ ಮಾಡಿಸುವಾಗ ಅಂಗೈ ಅಡ್ಡ ಹಿಡಿಯುವ ತಲೆಗಳು. ಅವುಗಳ ಮೇಲೆ ನನ್ನ ಡಬ್ಬ.

ಕೈ ಹಿಡಿಗೆ ಅಂಟಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

'ಮೇಡಂ? ಏನಾಯ್ತು? ...ಮೇಡಂ, ಆತುರ ಇಲ್ಲ. ಎಲ್ಲರನ್ನೂ ಸರಿಸಿದೀನಿ. ಕೆಳಗೆ ಯಾರೂ ಇಲ್ಲ. ಇಳಿಸಿ... ಹಾಂ... ಇನ್ನು ಸ್ವಲ್ಪ... ಸಾಕು.'

ಇಳಿಸಿದೆ. ನಾನೂ ಇಳಿದೆ. ನೆಲ ಮುಟ್ಟಿದ್ದೇ ಕ್ರೇನಿನ ಕಾಲಿಗೆ ಒರಗಿ ಕೂತೆ. ಅಣ್ಣ ನೀರಿನ ಬಾಟಲಿ ಕೈಗಿಟ್ಟು ಆಚೆ ತಿರುಗಿ ನಿಂತುಕೊಂಡ, ನಾನು ಅಳುವುದನ್ನು ಯಾರೂ ನೋಡದ ಹಾಗೆ.

ಮನೆಯಲ್ಲಿ 'ಹೇಗಿತ್ತು?' ಅಂದರು. ಚೆನ್ನಾಗಿತ್ತು ಅಂದೆ. ಮಲ್ಲಿ ಬಾಗಿಲಿಗೆ ನಿಲ್ಲಿಸಿ ಅಳೆದಳು. ಸರಿ ಇದ್ದೇನಂತೆ.

ನವೆಂಬರ್ 4

ಕೆಳಗಿನ ಆಫೀಸಿನಲ್ಲಿ ಕೂರಿಸಿದ್ದಾರೆ. ಸದ್ಯಕ್ಕೆ. ಮನೆಯಲ್ಲಿ ಹೇಳಿಲ್ಲ.

ನವೆಂಬರ್ 11, ಮಂಗಳವಾರ

ಏನೂ ಬರೆದಿಲ್ಲ ಇಷ್ಟು ದಿನ. ಬರೆಯಲು ಏನಿದೆ? ಕಂಪ್ಯೂಟರ್ ಮುಂದೆ ಕೂತು ಯಾವ ಡಬ್ಬ ಯಾವ ಸಾಲಿಗೆ ಎಂದು ಒತ್ತುವುದು. ಕಿಟಕಿಯಿಂದ ಕಾಣುವುದು ಕ್ರೇನಿನ ಕಾಲುಗಳು ಮಾತ್ರ. ನಾಲ್ಕು ದೊಡ್ಡ ಕಾಲುಗಳು, ಅಡುಗೆಮನೆಯಲ್ಲಿ ನೆಲದ ಮೇಲೆ ಕೂತ ಮಗುವಿಗೆ ಅಮ್ಮ ಕಂಡ ಹಾಗೆ. ಕತ್ತೆತ್ತಿ ನೋಡುತ್ತಿರುತ್ತೇನೆ.

ಸೂಪರ್‌ವೈಸರ್ ಮೇಡಂ ಒಳ್ಳೆಯವರು. ಅದೇ ಕಷ್ಟ. 'ಇಲ್ಲೇ ಇದ್ಬಿಡಿ. ಹಗಲು ಶಿಫ್ಟು, ಫ್ಯಾನು, ಮಗುಗೆ ಹಾಲು ತೆಗೆದಿಡೋಕೆ ಪಕ್ಕದಲ್ಲೇ ರೂಮು. ಯಾರೂ ನಿಮ್ಮನ್ನ ಕಡಿಮೆ ಅಂದ್ಕೊಳಲ್ಲ. ಮುಂದಿನ ಸೋಮವಾರ ಹೇಳಿ, ಮೇಲಿನ ಸೀಟಿಗೆ ಬೇರೆಯವರನ್ನ ಹಾಕ್ಬೇಕು.'

ಮನೆಗೆ ಬಂದರೆ ಅಲ್ಲಿ ಹೊಸ ರಾಜ್ಯ. ಸಾಹೇಬರು ಕಪ್ಪಿನಲ್ಲಿ ಕುಡಿಯುತ್ತಾರೆ. ಅಪ್ಪನೂ ಮಗನೂ ಒಂದು ಭಾಷೆ ಮಾಡಿಕೊಂಡಿದ್ದಾರೆ. 'ಬ್ಬು' ಅಂದರೆ ಕಿಟಕಿಗೆ ಕರೆದುಕೊಂಡು ಹೋಗು ಅಂತ. ನನಗೆ ಗೊತ್ತಿರಲಿಲ್ಲ, ನೀರು ಕೊಟ್ಟೆ. ಇಬ್ಬರೂ ನನ್ನನ್ನು ಪರ ಊರಿನವಳ ಹಾಗೆ ನೋಡಿದರು.

ಕನಸು: ಮನೆಯನ್ನೇ ಎತ್ತಿದ್ದೇನೆ, ನಾಲ್ಕು ಮೂಲೆಗೂ ಹಿಡಿ ಹಾಕಿ. ಪರದೆ ಹಾರುತ್ತಿದೆ. ಕಿಟಕಿಯಲ್ಲಿ ಮೂವರೂ ಕೂತಿದ್ದಾರೆ, ಒಂಚೂರೂ ಹೆದರದೆ. ಎಲ್ಲಿ ಇಳಿಸಬೇಕೆಂದು ಯಾರೂ ಹೇಳುತ್ತಿಲ್ಲ. ಅದಕ್ಕೆ ಹಿಡಿದುಕೊಂಡೇ ಇದ್ದೇನೆ, ಹಿಡಿದುಕೊಂಡೇ...

ನವೆಂಬರ್ 15, ಶನಿವಾರ

ಮಧ್ಯಾಹ್ನ ಅತ್ತೆಯೂ ನಾನೂ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದೆವು. ಕೆಳಗೆ ಬೀದಿ ತೂಕಡಿಸುತ್ತಿತ್ತು. ಒದ್ದೆ ಬೆಡ್‌ಶೀಟಿನ ಎರಡು ತುದಿ ಅವರ ಕೈಯಲ್ಲಿ, ಎರಡು ನನ್ನ ಕೈಯಲ್ಲಿ. ಇದ್ದಕ್ಕಿದ್ದಂತೆ ಕೇಳಿದರು —

'ಮೇಲೆ ಹೋಗ್ತಾ ಇಲ್ಲ ಅಲ್ವಾ ನೀನು?'

ಹೇಗೆ ಗೊತ್ತಾಯಿತೋ. ಕೇಳಲಿಲ್ಲ. ತಲೆಯಾಡಿಸಿದೆ.

'ನಾನು ಟೆಲಿಫೋನ್ ಆಪರೇಟರ್ ಆಗಿದ್ದೆ, ಗೊತ್ತಲ್ಲ. ನಿನ್ನ ಗಂಡ ಹುಟ್ಟಿದ ಮೇಲೆ ಬಿಟ್ಟೆ. ಯಾರೂ ಬಿಡು ಅನ್ಲಿಲ್ಲ. ಬಿಡಬೇಡ ಅಂತಲೂ ಯಾರೂ ಅನ್ಲಿಲ್ಲ.' ಬೆಡ್‌ಶೀಟ್ ಝಾಡಿಸಿದರು, ನನ್ನ ಮುಖದ ಮೇಲೆ ತಣ್ಣಗೆ ಹನಿ ಸಿಡಿಯಿತು. 'ಆ ಬೋರ್ಡಿನ ದೀಪಗಳು ಈಗಲೂ ಕನಸಲ್ಲಿ ಬರ್ತವೆ. ಎಲ್ಲಾ ಒಟ್ಟಿಗೇ ಉರೀತಿರ್ತವೆ. ಯಾರೋ ಕರೀತಿದಾರೆ, ವೈರು ಹಿಡ್ಕೊಂಡು ನಿಂತಿದೀನಿ, ಯಾವ ತೂತಿಗೆ ಚುಚ್ಚಬೇಕೋ ಮರೆತಿದೆ.'

'ಹಾಗಾದ್ರೆ ನಾನು ಮೇಲೆ ಹೋಗ್ಲಾ ಅತ್ತೆ?'

'ನಾನು ಕೆಳಗಿನ ಕೆಲಸ ತಗೋ ಅಂತಲೇ ಹೇಳ್ತೀನಿ,' ಅಂದರು. 'ನನಗೆ ಹೆದರಿಕೆ. ಆದ್ರೆ ಹೆದರಿಕೆ ನಂದು. ಅದನ್ನ ನೀನ್ಯಾಕೆ ಹೊರಬೇಕು? ಕ್ಲಿಪ್ಪು ಕೊಡು.'

ಸಂಜೆ ಗಂಡನಿಗೆ ಎಲ್ಲ ಹೇಳಿದೆ. ಮೊದಲ ದಿನದ ಡಬ್ಬ, ತಲೆಗಳು, ಅಂಟಿಕೊಂಡ ಕೈ. ಅವನು ಸಾಹೇಬರಿಗೆ ಶರಟು ತೊಡಿಸುತ್ತಿದ್ದ, ಒಂದು ತೋಳಿನೊಳಗೆ ಕೈ ಸಿಕ್ಕಿಹಾಕಿಕೊಂಡಿತ್ತು.

'ಮೊದಲೇ ಯಾಕೆ ಹೇಳ್ಲಿಲ್ಲ?'

'ಹೇಳಿದ್ರೆ ನೀನು ಬೇಡ ಅಂತಿದ್ದೆ.'

'ಅಂತಿದ್ದೆ,' ಒಪ್ಪಿಕೊಂಡ. ಸಿಕ್ಕ ಕೈಯನ್ನು ಬಿಡಿಸಿ ಮುತ್ತಿಟ್ಟ. ಆಮೇಲೆ ಅಂದ, 'ನನ್ನ ಬಸ್ಸಲ್ಲಿ ಹಿಂದೆ ಕೂತಿರೋದೆಲ್ಲಾ ತಲೆಗಳೇ ಕಣೇ. ಕನ್ನಡೀಲಿ ದಿನಾ ನೋಡ್ತೀನಿ.'

'ಹೆದರಿಕೆ ಆಗಲ್ವಾ?'

'ಆಗತ್ತೆ. ಮಲ್ಲಿ ಹುಟ್ಟಿದ ಮೇಲೆ ಶುರುವಾಗಿದ್ದು, ಹೋಗೇ ಇಲ್ಲ. ಅದಕ್ಕೇ ನಿಧಾನ ಓಡಿಸೋದು. ಲೇಟು, ಲೇಟು ಅಂತ ಅಪ್ಪ ಅಮ್ಮಂದಿರೆಲ್ಲಾ ಬೈತಾರೆ. ಬೈಸ್ಕೋತೀನಿ.'

ನಾನು ಅವನನ್ನು ಸೋಮಾರಿ ಡ್ರೈವರ್ ಎಂದೇ ತಿಳಿದಿದ್ದೆ. ಎಷ್ಟು ವರ್ಷದಿಂದ ಒಂದೇ ದಿಂಬಿನ ಮೇಲೆ ಮಲಗುತ್ತೇವೆ!

ನವೆಂಬರ್ 17, ಸೋಮವಾರ

ಸೂಪರ್‌ವೈಸರ್ ಮೇಡಂಗೆ ಹೇಳಿದೆ. ಮೇಲೆ ಹೋಗುತ್ತೇನೆ. ನಿಧಾನ ಮಾಡುತ್ತೇನೆ. ಕೆಳಗೆ ಒಬ್ಬ ಮನುಷ್ಯ ಇದ್ದರೂ ಡಬ್ಬ ದಾಟಿಸುವುದಿಲ್ಲ.

'ನಿಧಾನ ಅಂದ್ರೆ ಎಷ್ಟು ನಿಧಾನ? ನೀವು ಇಲ್ಲಿ ಎಲ್ಲರಿಗಿಂತ ಫಾಸ್ಟ್ ಇದ್ರಿ.'

'ಇದ್ದೆ. ಇನ್ನು ಇರಲ್ಲ.'

ಪೆನ್ನಿನಿಂದ ಮೇಜು ಕುಟ್ಟಿದರು. 'ಮೇಲಿನವರು ನನ್ನನ್ನ ಕೇಳ್ತಾರಲ್ರೀ.'

'ನನ್ನ ಹತ್ರ ಕಳಿಸಿ. ಏಣಿ ಹತ್ತಿ ಬಂದು ಕೇಳ್ಲಿ.'

ನಗು ತಡೆದುಕೊಳ್ಳಲು ಕಿಟಕಿ ಕಡೆ ತಿರುಗಿದರು. ಈ ವಾರ ನೋಡೋಣ ಅಂದರು. ಆಮೇಲಿನದು ಆಮೇಲೆ.

ಹತ್ತಿದೆ. ಹೆಲ್ಮೆಟ್ಟುಗಳು ಮತ್ತೆ ತಲೆಗಳಾದವು. ಈ ಸಲ ಹಾಗೇ ಇರಲಿ ಎಂದು ಬಿಟ್ಟೆ. ಕಾದೆ. ರೇಡಿಯೋದಲ್ಲಿ ಅಣ್ಣ, 'ಮೇಡಂ, ಯಾಕೆ ನಿಂತ್ರಿ?' 'ನಿಮ್ಮ ಬಲಗಡೆ ಇಬ್ರು ಇದಾರೆ, ಸರಿಸಿ.' 'ಅವ್ರು ದೂರ ಇದಾರೆ ಮೇಡಂ.' 'ಇನ್ನೂ ದೂರ ಹೋಗ್ಲಿ.' ಸರಿಸಿದ. ದಾಟಿಸಿದೆ. ಇಳಿಸಿದೆ. ಡಬ್ಬ ಲಾರಿಯ ಮೇಲೆ ಕೂತದ್ದು ನನಗೇ ಗೊತ್ತಾಗಲಿಲ್ಲ, ಅಷ್ಟು ಮೆಲ್ಲಗೆ. ತೊಟ್ಟಿಲಿಗೆ ಹಾಕಿದ ಹಾಗೆ.

ಬೆವರಿನಲ್ಲಿ ನೆಂದುಹೋದೆ. ಮತ್ತೆ ಇನ್ನೊಂದು.

ನವೆಂಬರ್ 19

ಹಡಗು ತಡ ಆಯಿತು, ನನ್ನಿಂದ. ಯಾರೋ ಕೆಳಗೆ ಬೈದರಂತೆ. ಬೈಸಿಕೊಂಡೆ.

ಸಾಹೇಬರು ಸಂಜೆ ನನ್ನ ಮುಖ ನೋಡಿ 'ಬ್ಬು' ಅಂದರು. ಕಿಟಕಿಗೆ ಕರೆದುಕೊಂಡು ಹೋದೆ. ಇಬ್ಬರೂ ಬಹಳ ಹೊತ್ತು ಹೊರಗೆ ನೋಡಿದೆವು. ಅಲ್ಲಿ ಏನೂ ಇರಲಿಲ್ಲ. ಎದುರು ಮನೆಯ ಗೋಡೆ, ಅದರ ಮೇಲೆ ಹೋಗುತ್ತಿದ್ದ ಬೆಳಕು.

ನವೆಂಬರ್ 21, ಶುಕ್ರವಾರ, ಬೆಳಿಗ್ಗೆ, ಕ್ಯಾಬಿನ್‌ನಲ್ಲಿ

ಮಂಜು. ಕೆಲಸ ನಿಲ್ಲಿಸಿದ್ದಾರೆ. ಇಳಿಯಲು ಹೇಳಿಲ್ಲ, ಕಾಯಿರಿ ಅಂದಿದ್ದಾರೆ. ಸುತ್ತಲೂ ಬಿಳಿ, ಪಾದದ ಕೆಳಗೂ ಬಿಳಿ. ಕ್ರೇನಿನ ತೋಳು ಅರ್ಧಕ್ಕೇ ಅಳಿಸಿಹೋಗಿದೆ. ಎಲ್ಲೋ ಒಂದು ಹಡಗು ಕೂಗುತ್ತಿದೆ, ದನ ಕೂಗಿದ ಹಾಗೆ.

ಮೊದಲಾದರೆ ಚಡಪಡಿಸುತ್ತಿದ್ದೆ. ಈಗ ಕಾಲು ಚಾಚಿ ಕೂತಿದ್ದೇನೆ. ತಿಂಗಳುಗಳ ನಂತರ ಯಾರೂ ನನ್ನ ಮೈಮೇಲಿಲ್ಲ. ಯಾರೂ ಇಲ್ಲದ್ದು ಎಷ್ಟು ಸುಖವೋ ಅಷ್ಟೇ ಭಾರ, ಮಡಿಲು ಬರಿದು ಬರಿದು.

ಗಂಡ ಫೋನ್ ಮಾಡಿದ್ದ. 'ಇಲ್ಲೂ ಬರೀ ಮಂಜು. ಸಾಹೇಬ್ರು ಕಿಟಕಿ ಗಾಜು ನೆಕ್ತಾ ಇದಾರೆ. ಕೆಲಸ ಇದೆಯಾ?'

'ಇಲ್ಲ. ಆಕಾಶದಲ್ಲಿ ಸುಮ್ನೆ ಕೂತಿದೀನಿ.'

'ಸಂಬಳ ಕೊಡ್ತಾರಾ ಅದಕ್ಕೆ?' ನಕ್ಕ. ಹಿಂದೆ ಅತ್ತೆ ಏನೋ ಹೇಳುತ್ತಿದ್ದರು, ಏನೋ ಬಿತ್ತು, ಮಲ್ಲಿ 'ನಾನಲ್ಲ!' ಅಂದಳು. ಆ ಸದ್ದುಗಳೆಲ್ಲ ಕಿವಿಯ ಪಕ್ಕದಲ್ಲೇ. ಕಣ್ಣಿಗೆ ಬರೀ ಬಿಳಿ. ಮನೆ ಈ ಮಂಜಿನೊಳಗೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಎಲ್ಲೋ ತೇಲುತ್ತಿದೆ ಅನ್ನಿಸಿತು. 'ಇಡ್ತೀನಿ' ಅಂದ. ಇಬ್ಬರೂ ಇಡಲಿಲ್ಲ. ಸುಮ್ಮನೆ ಅವರ ಉಸಿರು ಕೇಳುತ್ತಾ ಕೂತೆ.

ಸೂಪರ್‌ವೈಸರ್ ಮೇಡಂ ಇವತ್ತು ನಿರ್ಧಾರ ಹೇಳುತ್ತಾರೆ. ನನಗೆ ಈ ಸೀಟು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಭಯ ಹೋಗಿಲ್ಲ. ಪಕ್ಕದಲ್ಲೇ ಕೂತಿದೆ, ಬೆಲ್ಟು ಹಾಕಿಕೊಂಡು. ಇರಲಿ. ಅದಕ್ಕೆ ಕಣ್ಣು ಚೆನ್ನಾಗಿದೆ.

ಮಂಜು ಒಂದು ಕಡೆ ಹರಿಯುತ್ತಿದೆ. ಮೊದಲು ನೀರು. ಈಗ ದಡದ ಅಂಚು... ಲಾರಿ. ಬೆಳಕು ಎಷ್ಟು ಹೊಸದು. ಅಗೋ ಅಣ್ಣ, ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದಾನೆ.

'ಮೇಡಂ, ಕಾಣ್ತಿದೀವಾ?'

ಒಬ್ಬೊಬ್ಬರೂ ಕಾಣುತ್ತಿದ್ದಾರೆ. ಇನ್ನು ಎರಡೂ ಕೈ ಬೇಕು, ಪೆನ್ನು—