ದಾಖಲೆಯಲ್ಲಿ ಸತ್ತವನು

ಬೀರೂರು
೧೪ನೇ ಮಾರ್ಚ್ ೧೯೨೧, ಸೋಮವಾರ

ಮಗಳೇ ಮಲ್ಲಿಕಾಂಬ,

ನಿನಗೂ ಮಗುವಿಗೂ ಅಳಿಯಂದಿರಿಗೂ ಶಿವ ಒಳ್ಳೆಯದು ಮಾಡಲಿ. ನಿನ್ನ ಕಾಗದ ಬಂದು ಹನ್ನೊಂದು ದಿನವಾಯಿತು. ಆ ಸಾಬರ ವಿಷಯ ಬಿಟ್ಟುಬಿಡು, ಇಲ್ಲದಿದ್ದರೆ ನಮ್ಮ ಮನೆಯ ಮೆಟ್ಟಿಲು ಹತ್ತಬೇಡ ಎಂದು ಬರೆದಿದ್ದೀಯೆ. ಉತ್ತರ ಬರೆಯಲು ಕೂತಾಗಲೆಲ್ಲ ಕೈ ನಿಂತುಹೋಗುತ್ತಿತ್ತು. ಇವತ್ತು ಬರೆಯಲೇಬೇಕು. ಅಳಿಯಂದಿರಿಗೆ ಅಮಲ್ದಾರರಿಂದ ಒಂದು ನೋಟೀಸು ಬರುತ್ತದೆ. ಅದಕ್ಕೆ ಮುಂಚೆ ನನ್ನಿಂದಲೇ ನಿನಗೆ ತಿಳಿಯಲಿ.

ದಾವೂದ್ ನಿನಗೆ ನೆನಪಿರಬೇಕು. ಅಜ್ಜಂಪುರದಲ್ಲಿ ನಮ್ಮ ಹಿಂದಿನ ಬೀದಿಯ ಸೈದಾನಿ ಬಿಯ ಹಿರಿಯ ಮಗ. ನಿನ್ನ ಅಪ್ಪನ ಶಾಲೆಯಲ್ಲಿ ನಾಲ್ಕು ತರಗತಿ ಕನ್ನಡ ಓದಿದವನು. ಕುದುರೆಯ ಹುಚ್ಚಿನಿಂದ ಮೈಸೂರು ರಿಸಾಲೆಗೆ ಸೇರಿ, ದೊಡ್ಡ ಲಡಾಯಿಗೆ ಮಿಸರ್ ದೇಶಕ್ಕೆ, ಅದೇ ಈಜಿಪ್ಟಿಗೆ, ಹೋದ. ಕಳೆದ ಕಾರ್ತಿಕದಲ್ಲಿ ನಾನು ಶಾಲೆ ಮುಗಿಸಿ ಸ್ಟೇಷನ್ ಕಡೆಯಿಂದ ಬರುತ್ತಿದ್ದಾಗ, ಗೂಡ್ಸ್ ಷೆಡ್ಡಿನ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದವನೊಬ್ಬ ಎದ್ದು ನಿಂತು, "ಅಮ್ಮಾವ್ರೇ, ಚೆನ್ನಾಗಿದ್ದೀರಾ?" ಎಂದ. ಹಣೆಯಿಂದ ಕಿವಿಯವರೆಗೆ ಹೊಲಿದ ಗಾಯ, ಒಂದು ಹುಬ್ಬೇ ಇಲ್ಲ. ಆದರೂ ದನಿ ಕೇಳಿ ಗುರುತು ಸಿಕ್ಕಿತು.

ಲಡಾಯಿಯಲ್ಲಿ ಬಿದ್ದವನನ್ನು ಬೇರೆ ಪಲ್ಟಣದವರು ಎತ್ತಿ ತಮ್ಮ ಆಸ್ಪತ್ರೆಗೆ ಸೇರಿಸಿದ್ದರಂತೆ. ಎರಡು ವರ್ಷಕ್ಕೂ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದು, ಕೊನೆಗೆ ಬೊಂಬಾಯಿಯಲ್ಲಿ ಹಡಗಿಳಿದು ರೈಲು ಹತ್ತಿದ. ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಊರಿಗೆ ಹೋದರೆ ಸೈದಾನಿ ಬಿ ಆ ದೊಡ್ಡ ಜ್ವರದ ವರ್ಷವೇ ತೀರಿಕೊಂಡಿದ್ದಳು. ತಮ್ಮ ಅಬ್ದುಲ್ ವಹಾಬ್ ಅಣ್ಣ ಸತ್ತನೆಂದು ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿ, ಮಾರಿ, ಎತ್ತಲೋ ಹೊರಟುಹೋಗಿದ್ದ. ಆ ಮನೆಯಲ್ಲಿ ಬೇರೆಯವರು ಒಲೆ ಹೊತ್ತಿಸಿದ್ದರು.

ರಿಸಾಲೆಗೆ ನಾನೇ ಅರ್ಜಿ ಬರೆದೆ. ದಾವೂದ್ ಸತ್ತನೆಂದು ತಾಲ್ಲೂಕಿನಿಂದಲೇ ವರದಿ ಬಂದಿದೆ, ಬದುಕಿದ್ದರೆ ತಾಲ್ಲೂಕಿನವರೇ ಗುರುತಿನ ಪತ್ರ ಕೊಡಲಿ ಎಂದು ಉತ್ತರ ಬಂತು. ಕಚೇರಿಗೆ ಹೋದರೆ, ಇವನು ನಮ್ಮ ಸಿಪಾಯಿ ಎಂದು ರಿಸಾಲೆಯವರು ಮೊದಲು ಬರೆಯಲಿ ಎಂದರು. ಮೂರು ಸಲ ಹೀಗೇ ಆಯಿತು. ಅಜ್ಜಂಪುರದ ನೆರೆಯವರು "ಅವ್ನಂಗೇ ಅವ್ನೆ" ಎನ್ನುತ್ತಾರೆ, ಸರ್ಕಾರಿ ರುಜುವಿಗೆ ಎದುರಾಗಿ ಹೆಬ್ಬೆಟ್ಟು ಒತ್ತು ಎಂದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಪುಷ್ಯದಲ್ಲಿ ಮಗುವನ್ನು ನೋಡಲು ತರೀಕೆರೆಗೆ ಬಂದೆ ಎಂದು ನಿನಗೆ ಹೇಳಿದ್ದೆನಲ್ಲ, ಅವತ್ತು ನಾನು ಬಂದದ್ದು ದಾವೂದನ ಜೊತೆ ಕಚೇರಿಗೆ. ಅಳಿಯಂದಿರು ನನ್ನನ್ನು ಕಂಡೂ ಕಾಣದ ಹಾಗೆ, "ದಾಖಲೆ ಪ್ರಕಾರ ಈ ಮನುಷ್ಯ ಸತ್ತಿದ್ದಾನೆ ಕಣ್ರೀ, ನಾನೇನ್ ಮಾಡ್ಲಿ" ಎಂದು ಪಕ್ಕದ ಗುಮಾಸ್ತನಿಗೆ ಹೇಳಿದರು. ಆ ದಾಖಲೆಗೆ ಬಿದ್ದಿರುವ ರುಜು ಅವರದೇ. ಅಜ್ಜಂಪುರ ಹೋಬಳಿಯ ಶೇಕದಾರರಾಗಿದ್ದಾಗ, ವಹಾಬನ ಖಾತೆಯ ಅರ್ಜಿಗೆ ಹಾಕಿದ್ದು.

ಹೋದ ತಿಂಗಳು ಪೊಲೀಸಿನವನೊಬ್ಬ, ಹೆಸರು ಊರಿಗೆ ರುಜುವಾತಿಲ್ಲದವನು ಇನ್ನೊಮ್ಮೆ ಷೆಡ್ಡಿನ ಹತ್ತಿರ ಕಂಡರೆ ಒಳಗೆ ಹಾಕುತ್ತೇನೆ ಎಂದು ಕಂಬಳಿ ಎತ್ತಿ ಎಸೆದ. ದಾವೂದ್ ಶಾಲೆಯ ಬಾಗಿಲಿಗೆ ಬಂದು, "ಬದ್ಕಿದ್ದಾನೆ ಅಂತ ಬರ್ದು ಕೊಡೋರಿಲ್ಲ, ಸತ್ತೋನು ಅಂತ ಹೂಳೋರೂ ಇಲ್ಲ. ಎಲ್ಲಿಗೋಗ್ಲಿ ಅಮ್ಮಾವ್ರೇ?" ಎಂದು ಕೇಳಿದ. ಕೂಗಾಡಲಿಲ್ಲ. ದಾರಿ ಕೇಳುವವರ ಹಾಗೆ ಕೇಳಿದ.

ಈಗ ಬಂದಿರುವ ಹೊಸ ಅಮಲ್ದಾರರನ್ನು ಕಂಡೆ. "ಬರೀ ಬಾಯಿಮಾತು ನಡೆಯೋದಿಲ್ಲಮ್ಮ. ಸತ್ತ ವರದಿ ಆದಮೇಲೆ ಇವನ ಕೈಯಿಂದ ಬಂದ ಬರಹ ಏನಾದ್ರೂ ಇದ್ರೆ ತನ್ನಿ. ಇಲ್ಲದಿದ್ರೆ ಶುಕ್ರವಾರ ಫೈಲು ಮುಚ್ತೀನಿ" ಎಂದರು.

ಅಂಥ ಬರಹ ನನ್ನ ಪೆಟ್ಟಿಗೆಯಲ್ಲಿತ್ತು, ಮಗಳೇ. ೧೯೧೮ರ ಆಷಾಢದಲ್ಲಿ, ವರದಿಯಾಗಿ ಐದು ತಿಂಗಳಾದ ಮೇಲೆ, ಮಿಸರ್‌ನ ಆಸ್ಪತ್ರೆಯಿಂದ ದಾವೂದ್ ಬರೆದ, ಟಪಾಲಿನಲ್ಲೇ ಕಳೆದುಹೋಯಿತೆಂದು ಅವನು ತಿಳಿದಿದ್ದ ಕಾರ್ಡು. ಬಂದ ದಿನವೇ ಅಳಿಯಂದಿರಿಗೆ ತೋರಿಸಿದೆ. ಲಡಾಯಿಯಿಂದ ಮರಳಿದ ಇಬ್ಬರು ಸಿಪಾಯಿಗಳನ್ನು ಕೇಳಿ ಖಚಿತ ಮಾಡಿಕೊಂಡಿದ್ದೇನೆ ಎಂದು ಅವರು ವರದಿಯಲ್ಲಿ ಬರೆದಿದ್ದರು. ಯಾರನ್ನೂ ಕೇಳಿರಲಿಲ್ಲ. "ಅತ್ತೇರೇ, ಇದು ಹೊರಗ್ಬಂದ್ರೆ ನನ್ ಕೆಲ್ಸ ಹೋಯ್ತು. ಮಲ್ಲಿಗೆ ಏಳು ತಿಂಗ್ಳು. ಹೆರಿಗೆ ಆಗ್ಲಿ, ನಾನೇ ಸರಿ ಮಾಡ್ತೀನಿ" ಎಂದರು. ನಾನು ಕಾರ್ಡನ್ನು ಸೀರೆಯ ಮಡಿಕೆಯೊಳಗೆ ಇಟ್ಟೆ. ಹೆರಿಗೆಯಾಯಿತು. ಆಮೇಲೆ ಜ್ವರ ಬಂತು, ಆಮೇಲೆ ಅವರಿಗೆ ಬಡ್ತಿ, ನನಗೆ ಬೀರೂರಿಗೆ ವರ್ಗ. ಸರಿಮಾಡುವ ದಿನ ಮಾತ್ರ ಬರಲಿಲ್ಲ.

ಕಾರ್ಡು ಕೊಟ್ಟರೆ ನಿನ್ನ ಮನೆ ಹೋಗುತ್ತದೆ, ಕೊಡದಿದ್ದರೆ ಅವನು ಜೈಲಿಗೆ ಹೋಗುತ್ತಾನೆ. ನಾಲ್ಕು ದಿನ ಪೆಟ್ಟಿಗೆ ತೆಗೆದು ಮುಚ್ಚಿದೆ. ಶುಕ್ರವಾರ ಕೊಟ್ಟೆ. ಯಾರಿಗೂ ತೋರಿಸದೆ ನಾನೇ ಬಚ್ಚಿಟ್ಟಿದ್ದೆ ಎಂದು ಪ್ರಮಾಣ ಮಾಡಿ ಬರೆದುಕೊಟ್ಟೆ. ಅದು ಸುಳ್ಳು. ಸಿಪಾಯಿಗಳೇ ತಪ್ಪು ಹೇಳಿದರು ಎಂದು ಅಳಿಯಂದಿರು ಉತ್ತರ ಕೊಟ್ಟರೆ ಉಳಿದುಕೊಳ್ಳಬಹುದು. ನನ್ನ ಕೈಲಾದದ್ದು ಅಷ್ಟೇ. ನನ್ನ ಮೇಷ್ಟ್ರ ಕೆಲಸ ಉಳಿಯಲಾರದು. ಕೆಲಸ ಹೋದರೆ ಈ ಕೋಣೆಯೂ ಶಾಲೆಯದೇ. ನಿನ್ನ ಮೆಟ್ಟಿಲು ಹತ್ತುವ ಹಾಗಿಲ್ಲ. ಹೋಗಲು ಬೇರೆ ಜಾಗ ನನಗೂ ತೋಚುತ್ತಿಲ್ಲ.

ಕೈಬರಹ ಹೋಲಿಸಲು ಅಮಲ್ದಾರರು ಕಾರ್ಡನ್ನು ದಾವೂದನ ಕೈಗೆ ಕೊಟ್ಟು, ಇದನ್ನೇ ನೋಡಿ ಇನ್ನೊಮ್ಮೆ ಬರೆ ಎಂದರು. ಅವನು ಅದನ್ನು ತುಂಬ ಹೊತ್ತು ನೋಡಿದ. ಬರೆದ. ಎರಡೂ ಒಂದೇ ಕೈ ಎಂದು ಅಮಲ್ದಾರರು ಒಪ್ಪಿ, "ಈ ಪತ್ರ ಹಿಡಿದಿರುವ ದಾವೂದ್ ಸಾಬ್ ಜೀವಂತನಿದ್ದಾನೆ" ಎಂದು ಬರೆಸಿ ಮೊಹರು ಹಾಕಿಸಿದರು. ತರೀಕೆರೆ ಸ್ಟೇಷನ್ನಿನಲ್ಲಿ ಅವನು ಬೆಂಚಿನ ಇನ್ನೊಂದು ಕೊನೆಗೆ ಕೂತ. ಬೀರೂರಿನಲ್ಲಿ ನಾನು ಇಳಿದೆ, ಅವನು ಬೆಂಗಳೂರಿಗೆ ಹೋದ. ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಪತ್ರ ಸಿಕ್ಕ ಗುಂಗಿನಲ್ಲಿ ಮರೆತಿರಬೇಕು.

ಮಗುವಿಗೆ ಎಣ್ಣೆ ಹಚ್ಚುವಾಗ ಕಿವಿಗೆ ಹೋಗದ ಹಾಗೆ ನೋಡಿಕೋ. ಬಯ್ಯಬೇಕೆನಿಸಿದರೂ ಸರಿ, ಎರಡು ಸಾಲು ಬರೆ.

ನಿನ್ನ ಅವ್ವ,
ಶಂಕರಮ್ಮ

ಮತ್ತೆ: ಅವನು ಮರೆತದ್ದಲ್ಲ. ಕಾರ್ಡಿನ ಮೇಲಿದ್ದದ್ದು ನನ್ನ ವಿಳಾಸವಾದರೂ ಅದು ನನಗೆ ಬರೆದದ್ದಲ್ಲ. ಓದು ಬಾರದ ಸೈದಾನಿ ಬಿಗೆ ಬಂದದ್ದು: "ಅಮ್ಮಾವ್ರೇ, ನಾನು ಬದುಕಿದ್ದೇನೆ ಎಂದು ನಮ್ಮ ಅಮ್ಮೀಗೆ ಓದಿ ಹೇಳಿ." ಮಗ ಸತ್ತಿಲ್ಲವೆಂದೇ ನಂಬಿದ್ದ ಅವಳು, ಜ್ವರದಲ್ಲಿ ಮಲಗುವವರೆಗೂ ನಾಲ್ಕು ತಿಂಗಳು, ಟಪಾಲು ಬರುವ ದಿನವೆಲ್ಲ ನಮ್ಮ ಜಗಲಿಗೆ ಬಂದು ಕೇಳುತ್ತಿದ್ದಳು. ಏನೂ ಬಂದಿಲ್ಲ ಎಂದು ಪ್ರತಿ ಸಲವೂ ಹೇಳಿ ಕಳಿಸಿದವಳು ನಾನು.