ಶ್ರುತಿ ಕೊಡುವ ಮುನ್ನ

ಪಾರ್ಟು ಕಲಿಸಿದ ನನ್ನ ಮೇಷ್ಟ್ರಿಗೆ, ನಿಮ್ಮ ರಾಜನ ಪಾರ್ಟಿನ ಪುಟ್ಟಸ್ವಾಮಿ ಅಡ್ಡಬಿದ್ದು ಬರೆಯುವುದು.

ನೀವು ಹೋದ ಮೇಲೆ ಊರಿನಲ್ಲಿ ಒಂದು ಪ್ರಸಂಗ ನಡೆಯಿತು. ಬೇರೆಯವರ ಬಾಯಲ್ಲಿ ಕೇಳಿದರೆ ಅರ್ಧ ನುಂಗಿ ಹೇಳುತ್ತಾರೆ. ಅದಕ್ಕೇ ಪರದೆಯನ್ನು ನಾನೇ ಎಳೆಯುತ್ತಿದ್ದೇನೆ. ಹಾರ್ಮೋನಿಯಂ ಪಕ್ಕಕ್ಕಿಟ್ಟು ಕೇಳಿ.

ಹಾಲಿನ ಡೈರಿಯ ಹಿಂದಿನ ಕೋಣೆಯಲ್ಲಿ, ಕ್ಯಾನುಗಳ ನಡುವೆ ನಮ್ಮ ನಾಟಕದ ತಾಲೀಮು ನಡೆಯುತ್ತಿದ್ದುದು ನಿಮಗೆ ನೆನಪಿರಬೇಕು. ಬಹಳ ವರ್ಷಗಳ ಹಿಂದೆ ಒಂದು ಸಂಜೆ ಸೇನಾಪತಿ ಪಾರ್ಟಿನ ರುದ್ರೇಶ ಮೀಸೆ ತಿರುವಿ ನಿಂತು, "ಶ್ರುತಿ ಕೊಡಿ ಮೇಷ್ಟ್ರೇ" ಎಂದ. ನೀವು ಹಾರ್ಮೋನಿಯಂ ತಿದಿಯ ಮೇಲೆ ಕೈಯಿಟ್ಟುಕೊಂಡೇ, "ಮಗಳು ಇವತ್ತು ಸ್ಕೂಲಿಗೆ ಹೋಗಿತ್ತೇನಯ್ಯ?" ಎಂದು ಕೇಳಿದಿರಿ. ಅವನ ಮೀಸೆ ಇಳಿಯಿತು. "ಹಸ ಕರು ಹಾಕ್ತು ಮೇಷ್ಟ್ರೇ, ಅದ್ಕೆ..." "ಹಂಗಾದ್ರೆ ಶ್ರುತಿ ಇಲ್ಲ. ಕುಂತ್ಕೊ." ಮಾರನೆಯ ದಿನ ಆ ಸೇನಾಪತಿ ಪುಟ್ಟ ಕಾವ್ಯಳನ್ನು ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬಂದಿದ್ದ. ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಡ್ರಾಯಿಂಗ್ ಕಲಿಸಿದವರು ನೀವು. ಶಾಲೆಯ ಗೇಟು ದಾಟದ ಅಪ್ಪಂದಿರು ತಾಲೀಮನ್ನು ಮಾತ್ರ ತಪ್ಪಿಸುವುದಿಲ್ಲ ಎಂಬುದು ನಿಮ್ಮೊಬ್ಬರಿಗೇ ಹೊಳೆದದ್ದು ಹೇಗೆ?

ನಿಮ್ಮನ್ನು ತೋಟದಲ್ಲಿ ಮಣ್ಣು ಮಾಡಿ ಬಂದ ದಿನ ರುದ್ರೇಶ ಹಾರ್ಮೋನಿಯಂ ಪೆಟ್ಟಿಗೆಯನ್ನು ಡೈರಿಯ ಅಟ್ಟಕ್ಕೇರಿಸಿ ಟವೆಲ್ ಹೊದಿಸಿದ. ತಾಲೀಮು ನಿಂತಿತು. ಅದರೊಂದಿಗೆ ನೀವು ಕೇಳುತ್ತಿದ್ದ ಪ್ರಶ್ನೆಯೂ ನಿಂತಿತು. ಇದನ್ನು ನಾವು ಗಮನಿಸಿದ್ದು ಬಹಳ ತಡವಾಗಿ.

ಹೊಸ ಹೆಡ್ ಮೇಡಂ ಬಂದದ್ದನ್ನು ನೀವು ನೋಡಲಿಲ್ಲ. ಹಾಸನದವರು, ಸಣ್ಣ ಆಳು, ಸಣ್ಣ ದನಿ. ಬೆಳಗಿನ ಹನ್ನೊಂದಕ್ಕೆ ಪೋಷಕರ ಸಭೆ ಎಂದು ಚೀಟಿ ಕಳಿಸಿದರು. ಹೊಲ ತೋಟಗಳ ಹೊತ್ತು ಅದು, ಯಾರು ಬರುತ್ತಾರೆ? ಕುರ್ಚಿಗಳಲ್ಲಿ ಕುಳಿತಿದ್ದವರು ಬಿಸಿಯೂಟದ ಅಡುಗೆಯವರು ಮಾತ್ರ. ಅವರೂ ಒಲೆಯ ಮೇಲೆ ಅನ್ನ ಇಟ್ಟು ಬಂದಿದ್ದರು. ಅಂದು ಮಧ್ಯಾಹ್ನ ಮೇಡಂ ನನ್ನ ಕೊಬ್ಬರಿ ಶೆಡ್ಡಿಗೆ ಬಂದರು.

"ಪುಟ್ಟಸ್ವಾಮಿಯವರೇ, ನನ್ನ ದನಿ ಗೇಟ್ ದಾಟಲ್ಲ. ನಿಮ್ಮದು ಜಾವಗಲ್‌ವರೆಗೂ ಕೇಳುತ್ತಂತಲ್ಲ?"

"ಗಾಳಿ ಸರಿಯಾಗಿದ್ರೆ ಹಳೇಬೀಡಿಗೂ ಕೇಳ್ತದೆ ಮೇಡಂ."

ಅವರು ನಗಲಿಲ್ಲ. ವಿಷಯ ಹೇಳಿದರು. ಹತ್ತನೇ ತರಗತಿಗೆ ಸಂಜೆ ವಿಶೇಷ ತರಗತಿ ಇಟ್ಟರೆ ಕೆರೆಯಾಚೆಯ ಕೊಪ್ಪಲಿನ ಹೆಣ್ಣುಮಕ್ಕಳು ಕೂರುವಂತಿಲ್ಲ. ಕಡೇ ಬಸ್ಸು ಐದಕ್ಕೇ ಹೊರಟುಬಿಡುತ್ತದೆ, ಆಮೇಲೆ ಕೆರೆ ಏರಿಯ ಮೇಲೆ ಕತ್ತಲೆ. ಅವರಲ್ಲಿ ರುದ್ರೇಶನ ಮಗಳು ಕಾವ್ಯಳೂ ಒಬ್ಬಳು. ಉಳಿದ ವಿಷಯಗಳಲ್ಲಿ ಮುಂದು, ಲೆಕ್ಕದಲ್ಲಿ ಮಾತ್ರ ಒದ್ದಾಡುತ್ತಿದ್ದಾಳೆ. ಸಂಜೆಯ ಪಾಠ ಸಿಕ್ಕರೆ ದಾಟುತ್ತಾಳೆ. ಫೇಲಾದರೆ ಮತ್ತೆ ಪರೀಕ್ಷೆ ಕಟ್ಟಿಸುವುದಿಲ್ಲ, ಮನೆಯಲ್ಲೇ ಇರಲಿ ಎಂದು ಅವರಪ್ಪ ಹೇಳಿದ್ದಾನಂತೆ. ನಿಮ್ಮ ಕಾವ್ಯ, ಮೇಷ್ಟ್ರೇ. ಸೇನಾಪತಿಯ ಹೆಗಲ ಮೇಲೆ ಬಂದವಳು...

ಆಟೋಗೆ ಮೈಕು ಕಟ್ಟಿ ನಾಟಕದ ಪ್ರಚಾರಕ್ಕೆ ನೀವು ನನ್ನನ್ನು ಊರೂರು ಸುತ್ತಿಸುತ್ತಿದ್ದುದೇ ನನಗೆ ಗೊತ್ತಿದ್ದ ವಿದ್ಯೆ. ಅದನ್ನೇ ಮಾಡಿದೆ. "ಮಹಾಜನಗಳೇ! ತಾಯಂದಿರೇ! ಇಂದು ಸಂಜೆ ನಮ್ಮ ಪ್ರೌಢಶಾಲೆಯ ಅಂಗಳದಲ್ಲಿ! ಹಿಂದೆಂದೂ ಕಾಣದ ಮುಂದೆಂದೂ ಕಾಣಲಾರದ ಪೋಷಕರ ಸಭೆ! ಬನ್ನಿರಿ! ತಪ್ಪದೇ ಬನ್ನಿರಿ!" ಬಂದರು ಮೇಷ್ಟ್ರೇ. ಚಾಪೆ, ಕಂಬಳಿ, ಕಡಲೆಕಾಯಿ, ಕಂಕುಳಲ್ಲಿ ಕೂಸು. ಶಾಲೆಯ ಅಂಗಳ ತುಂಬಿ ಕಾಂಪೌಂಡಿನ ಮೇಲೂ ಜನ. ಇಡೀ ಊರು ಹೊಸ ನಾಟಕ ನೋಡಲು ಬಂದಿತ್ತು! ನನ್ನ ಗಂಟಲಿನಿಂದ ಬೇರೇನಾದರೂ ಹೊರಡುತ್ತದೆ ಎಂದು ಯಾರು ತಾನೇ ನಂಬುತ್ತಾರೆ?

ಮೇಡಂ ಎದ್ದು ನಿಂತಾಗ ಮುಂದಿನ ಸಾಲಿನ ಹೊನ್ನಜ್ಜಿ ನನ್ನ ಪಂಚೆ ಜಗ್ಗಿದಳು. "ಏನ್ಲಾ ಪುಟ್ಸಾಮಿ, ಈಯಮ್ಮಂದು ಯಾವ ಪಾರ್ಟು?"

"ಹೆಡ್ ಮೇಡಂ ಕಣಜ್ಜಿ."

"ಬಣ್ಣನೇ ಹಚ್ಕಂಡಿಲ್ವಲ್ಲೋ!"

ನಗು ಅಡಗುವವರೆಗೆ ಮೇಡಂ ಕಾದರು. ಆಮೇಲೆ ತಮ್ಮ ಸಣ್ಣ ದನಿಯಲ್ಲೇ ಬಸ್ಸು, ಕತ್ತಲೆ, ಲೆಕ್ಕದ ಪಾಠ ಎಲ್ಲವನ್ನೂ ಹೇಳಿದರು. ಕೇಳಿಸಿಕೊಳ್ಳಲು ಜನ ಕಡಲೆಕಾಯಿ ಸುಲಿಯುವುದನ್ನೇ ನಿಲ್ಲಿಸಿದರು. ಅಪ್ಪಂದಿರು ಸರದಿಯ ಮೇಲೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗಲಿ ಎಂದಾಗ ರುದ್ರೇಶ ಎದ್ದ. "ಹಾಲು ಕರ್ದು ಡೈರಿಗೆ ಹಾಕಿ, ಆಮೇಲೆ ಗೂರ್ಖನಂಗೆ ಸ್ಕೂಲ್ ಗೇಟಲ್ಲಿ ನಿಂತ್ಕೊಳಾಕೆ ಆಯ್ತದಾ ಮೇಡಂ? ನೋಡ್ದೋರು ಏನಂತಾರೆ?" ಗಂಡಸರ ಸಾಲಿನಲ್ಲಿ ಹೌದು ಹೌದು ಎಂದು ತಲೆಗಳು ಆಡಿದವು. ಆಗ ಹೆಂಗಸರ ಚಾಪೆಯಿಂದ ಅವನ ಹೆಂಡತಿ ಗಂಗಮ್ಮನ ದನಿ ಬಂತು.

"ತಾಲೀಮು ಅಂದ್ರೆ ಸುರಿಯೋ ಮಳೇಲೂ ಟಾರ್ಚ್ ಹಿಡ್ಕಂಡು ಓಡಿ ಬತ್ತಿದ್ರಿ. ಅವಾಗ ನೋಡ್ದೋರು ಏನೂ ಅಂತಿರ್ಲಿಲ್ವಾ?"

ರುದ್ರೇಶ ಕೂತುಬಿಟ್ಟ. ಮೇಡಂ ನನ್ನ ಕಡೆ ತಿರುಗಿ, "ಹಾಗಾದ್ರೆ ತಾಲೀಮನ್ನ ಇಲ್ಲೇ ಇಟ್ಕೊಳ್ಳಿ" ಎಂದರು. "ಒಳಗೆ ಮಕ್ಕಳಿಗೆ ಪಾಠ, ಜಗಲಿ ಮೇಲೆ ಅಪ್ಪಂದಿರಿಗೆ ನಾಟಕ. ಮುಗಿದ ಮೇಲೆ ಒಟ್ಟಿಗೇ ಮನೆಗೆ." ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಪೆಟ್ಟಿಗೆ ಅಟ್ಟದ ಮೇಲಿತ್ತು. ಅದನ್ನು ಇಳಿಸುವ ಮಾತನ್ನು ಮೊದಲು ಆಡುವವರು ಯಾರು? ಕೊನೆಗೆ ರುದ್ರೇಶನೇ ತಲೆ ತಗ್ಗಿಸಿಕೊಂಡು, "ಏಣಿ ನಮ್ಮನೇಲೈತೆ, ತತ್ತೀನಿ" ಎಂದ.

ಜಗಲಿಯ ಮೊದಲ ತಾಲೀಮಿನಲ್ಲಿ ನಾನು ಸಿಂಹಾಸನದಿಂದೆದ್ದು ಘರ್ಜಿಸಿದ ಕೂಡಲೇ ಲೆಕ್ಕದ ಮೇಷ್ಟ್ರು ಬಾಗಿಲಲ್ಲಿ ಕಾಣಿಸಿಕೊಂಡರು. "ಮಹಾರಾಜರೇ, ಒಳಗೆ ಸಮೀಕರಣ ಬಿಡಿಸ್ತಾ ಇದ್ದಾರೆ." ಏನು ಮಾಡಲಿ? ಪಾಠ ಮುಗಿಯುವ ಬೆಲ್ಲಿನವರೆಗೆ ನಾವು ಪಿಸುಮಾತಿನಲ್ಲೇ ಯುದ್ಧ ಸಾರಿದೆವು. ಪಿಸುಮಾತಿನಲ್ಲೇ ಕತ್ತಿ ಹಿರಿದೆವು. "ಎಲೈ ದ್ರೋಹಿಯೇ" ಎಂಬುದನ್ನು ಪಕ್ಕದವನ ಕಿವಿಯಲ್ಲಿ ಹೇಳಿ ನೋಡಿ, ಗುಟ್ಟಾಗಿ ಸಾಲ ಕೇಳಿದ ಹಾಗಿರುತ್ತದೆ! ಆದರೆ ಒಂದು ಮಾತು. ದನಿ ಇಳಿದಾಗ ನನಗೆ ಪಾರ್ಟಿನ ಅರ್ಥ ಕೇಳಿಸತೊಡಗಿತು. ನೀವು ವರ್ಷಗಟ್ಟಲೆ "ಕೂಗಬೇಡ, ಮಾತಾಡು" ಎನ್ನುತ್ತಿದ್ದಿರಲ್ಲ, ಅದು...

ಬೆಲ್ಲು ಹೊಡೆದ ಮೇಲೆ ಹಾರ್ಮೋನಿಯಂ ತೆರೆಯುತ್ತದೆ. ನಿಮ್ಮ ಹಾಗೆ ನುಡಿಸುವವರು ಯಾರೂ ಇಲ್ಲ. ಲೆಕ್ಕದ ಮೇಷ್ಟ್ರು ಒಂದೇ ಒಂದು ಸ್ವರದ ಮನೆಯನ್ನು ಒತ್ತಿ ಹಿಡಿಯುತ್ತಾರೆ, ಅಷ್ಟೆ. ಅದಕ್ಕೂ ಮೊದಲು ಮೇಡಂ ಒಬ್ಬೊಬ್ಬರನ್ನೂ ನಿಮ್ಮ ಪ್ರಶ್ನೆ ಕೇಳುತ್ತಾರೆ. ಅದನ್ನು ಅವರಿಗೆ ಹೇಳಿಕೊಟ್ಟವನು ನಾನು. ಉತ್ತರ ಹೇಳದವನಿಗೆ ಶ್ರುತಿ ಇಲ್ಲ. ಹುಡುಗಿಯರು ಬ್ಯಾಗು ಹೆಗಲಿಗೇರಿಸಿ ಕಂಬಕ್ಕೊರಗಿ ನಿಂತು ತಾವು ಕಣ್ಣೆದುರೇ ಇದ್ದರೂ ಅಪ್ಪಂದಿರು ಮೇಡಂ ಮುಂದೆ ತಡವರಿಸುವುದನ್ನು ನೋಡಿ ನಗುತ್ತಾರೆ. ಗಂಗಮ್ಮ ಮತ್ತು ಕೊಪ್ಪಲಿನ ಹೆಂಗಸರು ಸರದಿಯ ಮೇಲೆ ಬೇಯಿಸಿದ ಕಡಲೆಕಾಯಿ ಕಳಿಸುತ್ತಾರೆ. ರಾಜನಿಗೂ ವಿದ್ಯಾರ್ಥಿಗೂ ಒಂದೇ ಹಿಡಿ.

ಇನ್ನು ನಿಮಗೆ ತಲುಪದ ಸುದ್ದಿ. ಕಾವ್ಯ ಪಾಸಾದಳು. ಲೆಕ್ಕದಲ್ಲಿ ಊರು ಹೊಗಳುವಂಥ ಅಂಕವೇನಲ್ಲ, ದಾಟಿದಳು. ಈಗ ಅರಸೀಕೆರೆಯಲ್ಲಿ ಪಿಯುಸಿ. ಹಾಗಾಗಿ ಈ ವರ್ಷ ರುದ್ರೇಶ ಜಗಲಿಗೆ ಬರಬೇಕಾದ ಕಾರಣವೇ ಇರಲಿಲ್ಲ. ಮೊದಲ ಸಂಜೆ ನೋಡಿದರೆ ಟಾರ್ಚ್ ಹಿಡಿದು ಬಂದ. ಕೊಪ್ಪಲಿನ ಬೇರೆಯವರ ಮಕ್ಕಳನ್ನು ಕರೆದುಕೊಂಡು ಹೋಗುತ್ತಾನಂತೆ. ಬೆಲ್ಲು ಹೊಡೆಯಿತು. ಮೇಡಂ ಸಾಲಾಗಿ ಕೇಳುತ್ತ ಬಂದವರು ಅವನ ಮುಂದೆ ತಡೆದು ನಿಂತರು. ಅವನ ಮಗಳು ಈಗ ಈ ಶಾಲೆಯಲ್ಲಿಲ್ಲ; ಏನಂತ ಕೇಳುವುದು? ದಾಟಿ ಹೋಗಲು ಹೆಜ್ಜೆ ಎತ್ತಿದರು.

ರುದ್ರೇಶ ಮೀಸೆ ತಿರುವಿಕೊಂಡು ಎದೆ ಸೆಟೆಸಿ ನಿಂತ. ಅವರನ್ನು ನೋಡಲಿಲ್ಲ, ಪೆಟ್ಟಿಗೆಯನ್ನು ನೋಡುತ್ತ ಹೇಳಿದ:

"ಅರಸೀಕೆರೆ ಕಾಲೇಜಿಗೆ ಹೋಗೈತೆ ಮೇಷ್ಟ್ರೇ. ಬೆಳಿಗ್ಗೆ ನಾನೇ ಬಸ್ ಹತ್ತಿಸಿ ಬಂದೆ. ಶ್ರುತಿ ಕೊಡಿ."

ಕೊಟ್ಟರು.