ಎಕ್ಕಗಾಲಿಯ ಹಿಂದಿನ ಹಾಳೆಗಳು

ಇಸವಿ ಎರಡು ಸಾವಿರದ ನೂರ ಎಪ್ಪತ್ತೊಂಬತ್ತು, ಮಾಘ ಶುದ್ಧ ದಶಮಿ
ಬಡಿಗೇರರ ಗಾಲಿಮನೆ, ಇಳಕಲ್-ಕುಷ್ಟಗಿ ರಸ್ತೆ

ಹಿಂದಿನವರಿಗೆ ಕಾಳವ್ವ ಬಡಿಗೇರ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನೀವು ನಕ್ಕರೆ ತಪ್ಪಿಲ್ಲ. ನೀವು ಇದನ್ನು ಓದುವ ಹೊತ್ತಿಗೆ ನನ್ನ ಮುತ್ತಜ್ಜಿಯೂ ಹುಟ್ಟಿರುವುದಿಲ್ಲ. ನಮ್ಮ ಕಡೆ ಒಂದು ಪದ್ಧತಿ ಇದೆ. ಬದುಕಿರುವವರ ಮುಂದೆ ಹೇಳಿ ಮುಗಿಸಲಾಗದ ಮಾತನ್ನು ಸತ್ತುಹೋದ ಹಿಂದಿನವರಿಗೆ ಬರೆದು, ಹಳೆಯ ರಸ್ತೆಯ ಅಂಚಿನಲ್ಲಿ ಹೂಳುತ್ತೇವೆ. ಅದಕ್ಕೆ ಹಿಂದೋಲೆ ಎನ್ನುತ್ತೇವೆ. ಅದು ಮುಟ್ಟುತ್ತದೆಯೋ ಇಲ್ಲವೋ ಯಾರೂ ಕಂಡಿಲ್ಲ. ನಾನು ಹೈಸ್ಕೂಲು ಮುಗಿಸಿದವಳು, ಹಳೆಯ ಬರವಣಿಗೆಯ ಕನ್ನಡವನ್ನು ಅಲ್ಲಿಯೇ ಕಲಿತೆ. ಆದರೂ ನಿಮಗೆ ಅರ್ಥವಾಗದ ಕೆಲವು ಪದಗಳು ಬರುತ್ತವೆ. ಮನ್ನಿಸಿ, ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ.

ನಿಮ್ಮ ಕಾಲದ ನಾಲ್ಕು ಪಟ್ಟೆಯ ಹೆದ್ದಾರಿಯಲ್ಲಿ ಈಗ ಎರಡು ಪಟ್ಟೆ ಮಾತ್ರ ಉಳಿದಿವೆ. ಉಳಿದೆರಡರ ಮೇಲೆ ಜನ ಜೋಳ ಹರವುತ್ತಾರೆ. ಓಡುವುದು ಬಿಸಿಲುಗಾಡಿಗಳು. ಅವು ನಿಮ್ಮ ಕಾರಿನಂಥವೇ, ಚಾವಣಿ ಬಿಸಿಲು ಕುಡಿಯುತ್ತದೆ, ಗಾಡಿ ಓಡುತ್ತದೆ. ಗಾಡಿಗೆ ಕೊರತೆಯಿಲ್ಲ, ಕೊರತೆಯಿರುವುದು ಗಾಲಿಗೆ. ರಬ್ಬರಿನ ಮರಗಳು ನನ್ನ ಅಜ್ಜಿಯ ಎಳವೆಯಲ್ಲಿ ಎಲೆರೋಗ ಬಂದು ಸತ್ತವು. ಗಾಳಿ ತುಂಬುವ ನಿಮ್ಮ ಟೈರನ್ನು ನಾವು ಉಸಿರುಗಾಲಿ ಎನ್ನುತ್ತೇವೆ, ಅದು ಈಗ ಆಸ್ಪತ್ರೆಯ ಗಾಡಿಗಳಿಗಷ್ಟೇ ಸಿಗುತ್ತದೆ. ಪೇಟೆಯ ಕಾರ್ಖಾನೆಗಳು ಮಾಡುವುದು ಜೇನುಗಾಲಿ. ಅದರೊಳಗೆ ಗಾಳಿಯಿಲ್ಲ, ಜೇನುಹುಟ್ಟಿನಂಥ ಕಣ್ಣುಗಳಿವೆ. ಮುಳ್ಳಿಗೆ ಹೆದರುವುದಿಲ್ಲ, ಆದರೆ ನಮ್ಮ ಎರೆಮಣ್ಣಿನಲ್ಲಿ ಇಳಿದರೆ ಕಣ್ಣುಗಳಲ್ಲಿ ಕೆಸರು ತುಂಬಿ ರುಬ್ಬುವ ಕಲ್ಲಿನಷ್ಟು ಭಾರವಾಗುತ್ತದೆ, ಗಟ್ಟಿ ರಸ್ತೆಯಲ್ಲಿ ಮೈಯೆಲ್ಲ ನಡುಗಿಸುತ್ತದೆ. ಹಾಲಿನ ಗಾಡಿಯ ಪಾರವ್ವ ಇಪ್ಪತ್ತು ವರ್ಷ ಅದರ ಮೇಲೆ ಓಡಾಡಿ ನಮ್ಮ ಕಟ್ಟೆಗೆ ಬಂದವಳು. ತನ್ನ ಹಲ್ಲು ಉದುರಿದ್ದು ವಯಸ್ಸಿಗಲ್ಲ, ಜೇನುಗಾಲಿಗೆ ಎಂದು ಬೊಚ್ಚು ಬಾಯಿ ತೆರೆದು ತೋರಿಸುತ್ತಿದ್ದಳು.

ಮೂರನೆಯದು ನಮ್ಮದು, ಎಕ್ಕಗಾಲಿ. ನಿಮ್ಮವರು ಎಸೆದುಹೋದ ಟೈರುಗಳನ್ನು ಮಣ್ಣಿನಿಂದ ಅಗೆದು ತೆಗೆದು ಪುಡಿ ಮಾಡುತ್ತೇವೆ. ಕಾಯಿಸಿದ ಎಕ್ಕದ ಹಾಲಿನಲ್ಲಿ ಅದನ್ನು ಕಲಸಿ, ಇಳಕಲ್ಲಿನ ನೂಲಿನ ಹುರಿಯನ್ನು ಏಳು ಸುತ್ತು ಸುತ್ತಿ, ಅಚ್ಚಿನಲ್ಲಿಟ್ಟು ಬೇಯಿಸುತ್ತೇವೆ. ಎತ್ತಿನ ಬಂಡಿಯ ಕಾಲದಿಂದ ನಮ್ಮ ಮನೆತನ ಗಾಲಿ ಮಾಡಿಕೊಂಡು ಬಂದಿದೆ. ಎಕ್ಕಗಾಲಿಯ ಅಚ್ಚಂತೂ ಐದು ತಲೆಮಾರಿನದು, ತಾಯಿಯಿಂದ ಮಗಳಿಗೆ ಬಂದದ್ದು. ಇದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ.

ನಮ್ಮ ಮನೆಯ ಹಳೆಯ ಪೆಟ್ಟಿಗೆಯೊಂದರಲ್ಲಿ ನಿಮ್ಮ ಕಾಲದ ಕೆಲವು ಅಚ್ಚಾದ ಹಾಳೆಗಳಿದ್ದವು. ಗಾಡಿ ಓಡಿಸುವವರು ತಮ್ಮ ಟೈರುಗಳ ಬಗ್ಗೆ, ಗುರುತಿಲ್ಲದ ಜನರಿಗಾಗಿ ಬರೆದದ್ದು. ಒಬ್ಬರ ಟೈರು ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಮೇಲೆ ಗುಂಯ್‌ಗುಡಲು ಶುರುಮಾಡಿತಂತೆ. ಇನ್ನೊಬ್ಬರದು ಗುಂಡಿಗೆ ಬಿದ್ದು ಪಕ್ಕೆಯಲ್ಲಿ ಬುಗುಟು ಎದ್ದಿತಂತೆ. ಮತ್ತೊಬ್ಬರು ಘಟ್ಟದ ಮಳೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಇಳಿಯುವಾಗ ಟೈರು ಕೈಬಿಡಲಿಲ್ಲ ಎಂದು, ಮನೆಯವರೊಬ್ಬರನ್ನು ಹೊಗಳಿದಂತೆ ಬರೆದಿದ್ದರು. ಮುಖ ಕಾಣದವರಿಗೆ ಮುಖ ಕಾಣದವರು ಹೇಳಿದ ಎಚ್ಚರಿಕೆ ಅದು. ನಮ್ಮ ಹೇಳಿಕೆ ಪದ್ಧತಿ ಅಲ್ಲಿಂದಲೇ ಹುಟ್ಟಿತು ಎಂದು ನನ್ನವ್ವ ಹೇಳುತ್ತಿದ್ದಳು.

ಪದ್ಧತಿ ಹೀಗೆ. ಗಾಲಿ ಸವೆದ ಮೇಲೆ ಚಾಲಕ ಅದನ್ನು ನಮ್ಮ ಕಟ್ಟೆಗೆ ತರುತ್ತಾನೆ. ಮಜ್ಜಿಗೆ ಕುಡಿದು, ಗಾಲಿಯ ಮೇಲೆ ಕೈಯಿಟ್ಟು, ಅದರ ಒಂದು ಒಳ್ಳೆಯದನ್ನೂ ಒಂದು ಕೆಟ್ಟದ್ದನ್ನೂ ಹೇಳುತ್ತಾನೆ. ಅವನು ಹೇಳುವಾಗ ಮಾಡಿದ ಮನೆಯವರು ತುಟಿ ಬಿಚ್ಚುವಂತಿಲ್ಲ. ಮನೆಯ ಹಿರಿಯ ಹೆಂಗಸು ಅದನ್ನು ಪುಸ್ತಕಕ್ಕೆ ಬರೆಯಬೇಕು. ಪುಸ್ತಕಕ್ಕೆ ಎರಡು ಬದಿ. ಗಾಲಿಯ ತಪ್ಪನ್ನು ಮುಂದಿನ ಹಾಳೆಗಳಲ್ಲಿ ಬರೆಯುತ್ತೇವೆ. ಚಾಲಕನದೇ ತಪ್ಪಾಗಿದ್ದರೆ, ಅಂದರೆ ಕೈಯ ತಪ್ಪಾಗಿದ್ದರೆ, ಪುಸ್ತಕವನ್ನು ಬೋರಲು ತಿರುಗಿಸಿ ಹಿಂದಿನಿಂದ ಬರೆಯುತ್ತೇವೆ. ಹೊಸ ಗಾಲಿ ಹಾಕಿಸುವವರು ಮುಂದಿನ ಹಾಳೆಗಳನ್ನು ಓದಿಯೇ ಹಾಕಿಸುತ್ತಾರೆ. ಹಿಂದಿನವನ್ನು ಯಾರೂ ಓದುವುದಿಲ್ಲ. ಇನ್ನೊಬ್ಬರ ಕೈಯ ತಪ್ಪನ್ನು ಹುಡುಕಿ ಓದುವುದು ನಮ್ಮಲ್ಲಿ ಕೀಳು. ಯಾವ ಮಾತು ಯಾವ ಬದಿಗೆ ಎಂದು ತೀರ್ಮಾನಿಸುವವಳು ಬರೆಯುವವಳು. ನಲವತ್ತು ವರ್ಷ ಬರೆದವಳು ನಾನು.

ನಾಲ್ಕು ವರ್ಷದ ಹಿಂದೆ ನನ್ನ ಮಗಳು ಮೌನೇಶ್ವರಿ ಅಚ್ಚಿಗೆ ಹೊಸ ಪಾಕ ಹಿಡಿದಳು. ಎಕ್ಕದ ಹಾಲನ್ನು ಹೆಚ್ಚಿಸಿ ಗಾಲಿಯನ್ನು ಮೆತ್ತಗೆ ಮಾಡಿದಳು. ಚಾಲಕರು ಹೊಗಳಿದ್ದೇ ಹೊಗಳಿದ್ದು. ಸದ್ದಿಲ್ಲ, ಜಾಲಿಮುಳ್ಳಿನ ಭಯವಿಲ್ಲ, ಬಸುರಿಯನ್ನು ಕೂರಿಸಿಕೊಂಡು ಹೋದರೂ ಹೊಟ್ಟೆಯ ನೀರು ತುಳುಕುವುದಿಲ್ಲ ಎಂದರು. ಎರಡನೆಯ ವರ್ಷ ಇಳಕಲ್ಲಿನ ರಾಜೇಸಾಬ ನದಾಫ ತನ್ನ ಗಾಲಿಗಳನ್ನು ತಂದ. ಮೂವತ್ತು ವರ್ಷದಿಂದ ಸೀರೆಯ ಗಂಟು ಸಾಗಿಸುವ ನಿಧಾನದ ಮನುಷ್ಯ.

"ಹನ್ನೊಂದ ತಿಂಗಳ ತೊಟ್ಟಿಲ ತೂಗಿದಂಗ ತೂಗ್ಯಾವ್ರಿ ಅಕ್ಕಾರ," ಎಂದ. "ಒಂದ ದಿನ ಮಾತ್ರ ಕೈಬಿಟ್ಟುವು. ಬ್ಯಾಸಗಿ ಮುಗದು ಮೊದಲ ಮಳಿ ಬಿತ್ತಲ್ಲ, ಆವತ್ತು ಅರ್ಧ ತಾಸು ಬೆಣ್ಣಿ ಮ್ಯಾಲ ನಿಂತಂಗ ಆತು. ಆಮ್ಯಾಲ ಮಳಿ ಜೋರಾತು, ಮತ್ತ ಹಿಡಕೊಂಡುವು."

ನಿಯಮದಂತೆ ನಾನು ತುಟಿ ಬಿಚ್ಚಲಿಲ್ಲ. ಉತ್ತರವನ್ನು ಲೇಖನಿಯಿಂದ ಕೊಟ್ಟೆ. ಮೊದಲ ಮಳೆಯಲ್ಲಿ ರಸ್ತೆ ಜಾರುವುದು ಯಾರಿಗೆ ಗೊತ್ತಿಲ್ಲ, ನಿಧಾನಕ್ಕೆ ಹೋಗಬೇಕಿತ್ತು ಎಂದುಕೊಂಡು ಪುಸ್ತಕ ಬೋರಲು ಹಾಕಿ ಬರೆದೆ. ಅದೇ ವರ್ಷ ಇನ್ನೊಬ್ಬ ಬಂದು ಅದೇ ಮಾತು ಹೇಳಿದ. ಮರುವರ್ಷ ಪಾರವ್ವ ಹೇಳಿದಳು. ಮೂರನ್ನೂ ಹಿಂದಿನ ಹಾಳೆಗಳಿಗೆ ಹಾಕಿದೆ. ಮಗಳಿಗೆ ಹೇಳಲಿಲ್ಲ. ಅವಳ ಕೆಲಸದಲ್ಲಿ ಊನವಿದೆ ಎಂದು ಹೇಳುವುದು ನನ್ನ ಮನೆಯಲ್ಲಿ ಊನವಿದೆ ಎಂದ ಹಾಗೆ. ಅಂಥ ಮಾತನ್ನು ನಾನು ಕಲಿತೇ ಇರಲಿಲ್ಲ.

ಕಳೆದ ವರ್ಷ ರೋಹಿಣಿ ಮಳೆಯ ಮೊದಲ ಹನಿಗಳು ಬಿದ್ದಾಗ ಮಧ್ಯಾಹ್ನ. ಮೌನೇಶ್ವರಿ ಇಳಕಲ್ಲಿನಿಂದ ಹುರಿ ತರುತ್ತಿದ್ದಳು. ಬಿಳಿಹಳ್ಳದ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಗಾಡಿ ಅಡ್ಡ ತಿರುಗಿ, ಸೇತುವೆಯ ತಡೆಗೋಡೆ ಒಡೆದು ಹಳ್ಳಕ್ಕೆ ಬಿತ್ತು. ನಾನು ಹೋಗುವಷ್ಟರಲ್ಲಿ ಅವಳನ್ನು ಮೇಲೆ ತಂದು ಮಲಗಿಸಿದ್ದರು. ಮುಖಕ್ಕೆ ಏನೂ ಆಗಿರಲಿಲ್ಲ, ಉಸಿರು ಮಾತ್ರ ಇರಲಿಲ್ಲ. ನಲವತ್ತೊಂದು ವರ್ಷ. ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತೆ. ಆಮೇಲೆ, ಯಾಕೋ ತಿಳಿಯದು, ಎದ್ದು ಹಳ್ಳಕ್ಕಿಳಿದು, ಬೋರಲಾಗಿ ಬಿದ್ದಿದ್ದ ಗಾಡಿಯ ಗಾಲಿಯನ್ನು ಮುಟ್ಟಿದೆ. ಮಳೆ ಆ ಹನಿಗಳಿಗೇ ನಿಂತಿತ್ತು, ಗಾಲಿ ಇನ್ನೂ ಹೊಳೆಯುತ್ತಿತ್ತು. ಬೆರಳು ನಿಲ್ಲಲಿಲ್ಲ, ಜಾರಿತು. ಬೇಸಿಗೆಯ ಕಾವಿಗೆ ಎಕ್ಕದ ಹಾಲಿನ ಜಿಡ್ಡು ಹೊರಗೆ ಒಸರಿ ಕೂತಿತ್ತು. ಮೊದಲ ಹನಿಗಳಿಗೆ ಅದು ಬೆಣ್ಣೆಯಾಗುತ್ತದೆ, ಅರ್ಧ ತಾಸಿನ ಮಳೆಗೆ ತೊಳೆದು ಹೋಗುತ್ತದೆ. ಮೂವರು ಬಂದು ಹೇಳಿದ್ದು ಆಗ ನನ್ನ ಬೆರಳಿಗೆ ತಿಳಿಯಿತು.

ಹನ್ನೊಂದನೆಯ ದಿನ ಗಾಡಿದೈವದವರು ಬಂದರು. ಚಾಲಕರ ಪಂಚಾಯಿತಿಗೆ ನಾವು ಹಾಗೆನ್ನುತ್ತೇವೆ. ಗಾಡಿಯಲ್ಲಿ ಯಾರಾದರೂ ಸತ್ತಿದ್ದರೆ ಹೇಳಿಕೆಯನ್ನು ಈ ದೈವದವರ ಎದುರಿಗೇ ಬರೆಯಬೇಕು. ಸಾವಿನ ಹೇಳಿಕೆ ಮುಂದಿನ ಹಾಳೆಗೆ ಹೋದರೆ ಆ ಅಚ್ಚನ್ನು ಒಡೆಯಬೇಕು. ಎಕ್ಕದ ಹಾಲು ತರುವ ಅರವತ್ತು ಮನೆಗಳಿವೆ, ಅವುಗಳ ಗತಿ ಏನು ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನ್ನ ಕಣ್ಣ ಮುಂದಿದ್ದದ್ದು ಬಾಗಿಲ ಮೇಲಿನ ನಮ್ಮ ಹೆಸರು. ಪುಸ್ತಕವನ್ನು ಬೋರಲು ಹಾಕಿ, ಮೌನೇಶ್ವರಿ ಬಡಿಗೇರ, ಇಳಿಜಾರಿನಲ್ಲಿ ವೇಗ, ಕೈಯ ತಪ್ಪು ಎಂದು ಬರೆದೆ. ಅಕ್ಷರ ಎಲ್ಲಿಯೂ ಅಲುಗಿಲ್ಲ. ಈಗಲೂ ನೋಡಬಹುದು.

ದೈವದ ಹಿರಿಯ ಕೈಮುಗಿದ. "ಹೆತ್ತ ಮಗಳು ಅಂತ ನೋಡಲಿಲ್ಲ ನೋಡ್ರಿ," ಎಂದ ಉಳಿದವರಿಗೆ. "ಬರದರ ಹಿಂಗ ಬರೀಬೇಕು."

ಎಂಟು ತಿಂಗಳು ಆ ಹೊಗಳಿಕೆಯ ಅನ್ನ ಉಂಡೆ. ಮೊನ್ನೆ ರಥಸಪ್ತಮಿ. ನೀವು ಆ ದಿನ ಎಕ್ಕದ ಎಲೆ ತಲೆಯ ಮೇಲಿಟ್ಟುಕೊಂಡು ಸ್ನಾನ ಮಾಡುತ್ತಿದ್ದಿರಿ, ನಾವೂ ಮಾಡುತ್ತೇವೆ. ಹೊಸ ಗಾಡಿಗೆ ಮೊದಲ ಗಾಲಿ ಹಾಕುವುದೂ ಅಂದೇ. ಮೌನೇಶ್ವರಿಯ ಮಗಳು ನೀಲಾಳಿಗೆ ಈಗ ಹತ್ತೊಂಬತ್ತು. ತಲೆಯಿಂದ ಇನ್ನೂ ನೀರು ಇಳಿಯುತ್ತಿದ್ದಂತೆಯೇ ಕೋಣೆಗೆ ಹೋಗಿ, ತಾಯಿ ಬೇಯಿಸಿಟ್ಟ ಗಾಲಿಗಳಲ್ಲಿ ನಾಲ್ಕನ್ನು ಉರುಳಿಸಿಕೊಂಡು ಬಂದಳು. ಪದ್ಧತಿಯಂತೆ ಪುಸ್ತಕ ಬಿಚ್ಚಿ, ನಾಲ್ಕು ವರ್ಷದ ಮುಂದಿನ ಹಾಳೆಗಳನ್ನು ಗಟ್ಟಿಯಾಗಿ ಓದಿದಳು. ತೊಟ್ಟಿಲು, ತುಳುಕದ ನೀರು, ಎಲ್ಲ ಓದಿದಳು. ತನ್ನ ಹೊಸ ಗಾಡಿಗೆ ಒಂದು ಗಾಲಿ ಕೂರಿಸಿ, ನಟ್ಟು ಬಿಗಿಯುತ್ತ, ನನಗೆ ಸಮಾಧಾನವಾಗಲಿ ಎಂದು ಹೇಳಿದಳು:

"ಆಯಿ, ಒಂದ ಕೆಟ್ಟ ಮಾತಿಲ್ಲ. ಅವ್ವನ ಕೈ ತಪ್ಪ ಇರಬೇಕ ಬಿಡು. ನಾ ಹಂಗ ಜೋರ ಹೊಡ್ಯಾಂಗಿಲ್ಲ, ನೀ ಚಿಂತಿ ಮಾಡಬ್ಯಾಡ."

ಅವಳ ತಾಯಿ ಜೋರಾಗಿ ಗಾಡಿ ಓಡಿಸಿದ್ದನ್ನು ಅವಳು ಹುಟ್ಟಿದಾಗಿನಿಂದ ನೋಡಿಲ್ಲ. ದೈವದವರ ಎದುರು ನಾನು ಹಾಗೆ ಬರೆದಿದ್ದೆ ಎಂಬ ಒಂದೇ ಕಾರಣಕ್ಕೆ ಕಣ್ಣಿನಿಂದ ಕಂಡದ್ದನ್ನು ಬಿಟ್ಟುಕೊಟ್ಟಿದ್ದಳು. ನಟ್ಟು ಬಿಗಿಯುವ ಸದ್ದು ಇನ್ನೂ ಮೂರು ಸುತ್ತು ಕೇಳಿದೆ. ಆಮೇಲೆ ಎದ್ದು, ಪುಸ್ತಕವನ್ನು ಬೋರಲು ಹಾಕಿ, ಅವಳ ಮುಂದೆ ಇಟ್ಟೆ.

ನಿಂತೇ ಓದಿದಳು. ರಾಜೇಸಾಬನದು, ಇನ್ನೊಬ್ಬನದು, ಪಾರವ್ವನದು, ತನ್ನ ತಾಯಿಯದು. ಮತ್ತೆ ಮೊದಲಿನಿಂದ ಓದಿ ತಾರೀಖುಗಳ ಮೇಲೆ ಬೆರಳಿಟ್ಟಳು.

"ಈ ಮೂರೂ ಮಂದಿ ನಮ್ಮವ್ವ ಸಾಯೂಕಿಂತ ಮೊದಲ ಹೇಳಿದ್ರೇನು?"

ಹೌದು ಎಂದೆ. ಅವಳು ಬೈದಿದ್ದರೆ ನಾನು ಬೈಸಿಕೊಳ್ಳುತ್ತಿದ್ದೆ. ಬಿಗಿದ ಗಾಲಿಯನ್ನು ಬಿಚ್ಚಿ ಗೋಡೆಗೆ ಆನಿಸಿಟ್ಟು, ಕೈ ತೊಳೆದು, ಎರಡು ಸೀರೆ ಕಟ್ಟಿಕೊಂಡು, ಸಿಂಧನೂರಿನಲ್ಲಿರುವ ತಂದೆಯ ಮನೆಗೆ ಹೋದಳು. ಹೋಗುವಾಗ ಎಂದಿನಂತೆ ನನ್ನ ಕಾಲು ಮುಟ್ಟಲಿಲ್ಲ.

ಅವಳು ತಿರುವಿನಲ್ಲಿ ಮರೆಯಾದ ಮೇಲೆ ಬಾಗಿಲ ಹಲಗೆಯ ಮೇಲೆ ಬರೆದು, ಗಾಡಿದೈವದವರಿಗೂ ಹೇಳಿ ಕಳಿಸಿದೆ. ಹೊಸ ಪಾಕದ ಎಕ್ಕಗಾಲಿ ಮೊದಲ ಮಳೆಗೆ ಕೊಲ್ಲುತ್ತದೆ, ಎಲ್ಲರೂ ತಂದು ಒಪ್ಪಿಸಬೇಕು ಎಂದು. ಮೂವತ್ತೆಂಟು ಗಾಡಿಗಳು ಅವುಗಳ ಮೇಲೆ ಓಡುತ್ತಿವೆ. ಇವತ್ತಿಗೆ ಇಪ್ಪತ್ತಮೂರು ಬಂದಿವೆ. ಮಳೆಗೆ ಇನ್ನೂ ಸಮಯವಿದೆ, ಉಳಿದವರಿಗೆ ಊರೂರಿಗೆ ಹೇಳಿಕಳಿಸಿದ್ದೇನೆ. ಕೈಮುಗಿದಿದ್ದ ಹಿರಿಯ ತನ್ನ ಗಾಲಿಗಳನ್ನು ಇಳಿಸಿ, ಮಜ್ಜಿಗೆ ಮುಟ್ಟದೆ ಹೋದ. ಎಲ್ಲರಿಗಿಂತ ಮೊದಲು ಬಂದವನು ರಾಜೇಸಾಬ. ಹೇಳಿಕೆ ಕೊಡು ಎಂದೆ.

"ಬಿಡ್ರಿ ಅಕ್ಕಾರ, ಅದ ಆವತ್ತ ಬರದಾಗೈತಲ್ಲ," ಎಂದು ತಲೆ ತಗ್ಗಿಸಿದ.

"ಬರದದ್ದು ನಾನು. ನೀ ಹೇಳಿದ್ದು ಇನ್ನೂ ಬರದಿಲ್ಲ. ಹೇಳು."

ಕೈಯಿಟ್ಟು ಮತ್ತೆ ಹೇಳಿದ, ಒಂದು ಮಾತೂ ಬದಲಿಸಲಿಲ್ಲ. ಅವನು ಹೇಳಿದಂತೆಯೇ ಮುಂದಿನ ಹಾಳೆಯಲ್ಲಿ ಬರೆದೆ. ಅದರ ಕೆಳಗೆ ಇನ್ನಿಬ್ಬರದು, ಅದರ ಕೆಳಗೆ ನನ್ನ ಮಗಳದು. ನಿನ್ನೆ ಅಚ್ಚನ್ನು ಒಡೆದೆವು. ಮೊದಲ ಸುತ್ತಿಗೆಯ ಪೆಟ್ಟು ನನ್ನದೇ ಆಗಬೇಕೆಂದೆ, ಹಾಗೆಯೇ ಆಯಿತು.

ಹಿಂದಿನವರೇ, ಪುಸ್ತಕದಲ್ಲಿ ಗಾಲಿಯ ತಪ್ಪಿಗೆ ಒಂದು ಬದಿ ಇದೆ, ಕೈಯ ತಪ್ಪಿಗೆ ಒಂದು ಬದಿ ಇದೆ. ಬರೆಯುವವಳ ತಪ್ಪನ್ನು ಬರೆಯಲು ನಮ್ಮ ಹಿರಿಯರು ಜಾಗ ಬಿಟ್ಟಿಲ್ಲ. ಆದ್ದರಿಂದ ಅದನ್ನು ನಿಮಗೆ ಬರೆದೆ. ಕ್ಷಮೆ ಕೇಳುತ್ತಿಲ್ಲ, ಅದು ನಿಮ್ಮ ಕೈಯಲ್ಲಿ ಇರುವಂಥದ್ದಲ್ಲ. ಕೇಳುವುದು ಇಷ್ಟೇ. ನೀವು ಮಾಡಿದ ವಸ್ತುವನ್ನು ನಂಬಿ ರಸ್ತೆಗೆ ಇಳಿದವರು ತಿರುಗಿ ಬಂದು, ಅದು ಕೈಬಿಟ್ಟಿತು ಎಂದರೆ, ಅವರ ಮಾತನ್ನು ಅವರದೇ ಮಾತಿನಲ್ಲಿ, ಮುಂದೆ ಬರುವವರು ಓದುವ ಕಡೆಯಲ್ಲಿ ಬರೆಯಿರಿ. ಅವತ್ತೇ ಬರೆಯಿರಿ. ನಿಮ್ಮ ಮಕ್ಕಳೂ ಅದನ್ನು ಓದುವವರೇ.

ನೀಲಾ ತಿರುಗಿ ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಬಂದರೆ ಅವಳ ತಾಯಿಯ ಹೆಸರು ಮುಂದಿನ ಹಾಳೆಯಲ್ಲಿದೆ. ಬಾರದಿದ್ದರೂ ಅಲ್ಲಿಯೇ ಇರುತ್ತದೆ.

ಕಾಳವ್ವ ಬಡಿಗೇರ